ಬೆಳಿಗ್ಗೆ ಬಿಗಿ, ಸಂಜೆಗೆ ಸಡಿಲ

ನನ್ನ ನಾದಿನಿ ಯಾರ ಮನೆಗೆ ಹೋದರೂ, ಬೇರೆಯವರು ಮಗುವಿನ ಗಲ್ಲ ಹಿಂಡುವಂತೆ, ಆ ಮನೆಯ ಒಂದು ಡ್ರಾಯರನ್ನು ಎಳೆದು ನೋಡುತ್ತಾಳೆ. ಬಡಗಿಯ ಮಗಳು, ರಕ್ತದಲ್ಲೇ ಮರದ ಹೊಟ್ಟು ಹರಿಯುತ್ತದೆ. ಆ ಭಾನುವಾರ ಅವಳು ನಮ್ಮ ನಡುಮನೆಯಲ್ಲಿ ನಿಂತು, ನಾನು ಸ್ವಹಸ್ತದಿಂದ, ಸ್ವಬುದ್ಧಿಯಿಂದ ಮತ್ತು ಸಾಕಷ್ಟು ಸ್ವರಕ್ತದಿಂದ ತಯಾರಿಸಿದ್ದ ಪ್ರಪ್ರಥಮ ಡ್ರಾಯರಿನ ಹಿಡಿಯನ್ನು ಎರಡೇ ಬೆರಳಿನಿಂದ ಎಳೆದಳು. ಹಿಡಿ ಬಂತು. ಹಿಡಿಯ ಜೊತೆ ಮುಂದಿನ ಹಲಗೆಯೂ ಬಂತು. ಉಳಿದ ಡ್ರಾಯರು ಬರಲಿಲ್ಲ.

"ಅತ್ತಿಗೆ," ಎಂದಳು, ಹಲಗೆಯನ್ನು ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು, "ಇದನ್ನ ಎಲ್ಲಿಡ್ಲಿ?"

ಇಂಥ ಪ್ರಶ್ನೆಗೆ ಉತ್ತರವನ್ನು ನಾನು ಓದಿದ ಕಾನ್ವೆಂಟಿನಲ್ಲಿ ಹೇಳಿಕೊಟ್ಟಿರಲಿಲ್ಲ. (ಅಲ್ಲಿ ಹೇಳಿಕೊಟ್ಟದ್ದು ಇಷ್ಟೇ: ಅತಿಥಿಗಳ ಕೈಯಲ್ಲಿ ಏನಾದರೂ ಮುರಿದರೆ "ಪರವಾಗಿಲ್ಲ, ಅದು ತುಂಬಾ ಹಳೆಯದು" ಎಂದು ಮುಗುಳ್ನಗಬೇಕು. ಈ ಡ್ರಾಯರಿಗೆ ಆಗ ಹದಿನೆಂಟು ಗಂಟೆ ಪ್ರಾಯ.) ಮುಂಭಾಗ ಕಳೆದುಕೊಂಡ ಗೂಡಿನೊಳಗಿಂದ ನನ್ನ ಗಂಡನ ಜೋಡಿ ತಪ್ಪಿದ ಕಾಲುಚೀಲಗಳು ಹೊರಗೆ ಇಣುಕುತ್ತಿದ್ದವು. ಇವರು ದಂತವೈದ್ಯರು. ಮುಂದಿನ ಹಲ್ಲು ಉದುರಿದ ಬಾಯನ್ನು ನೋಡುವ ಹಾಗೆ ಬಗ್ಗಿ ನೋಡಿ, "ಬುಡ ಗಟ್ಟಿ ಇಲ್ಲ" ಎಂದರು.

ನಾನು ಅವರಿಬ್ಬರನ್ನೂ ನೋಡುತ್ತಿರಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಮಾವನನ್ನೇ ನೋಡುತ್ತಿದ್ದೆ. ಎಂಬತ್ತೊಂದು ವರ್ಷ ವಯಸ್ಸು, ಅದರಲ್ಲಿ ಅರುವತ್ತು ವರ್ಷ ಬಡಗಿ. ಒಂದು ಕಾಲದಲ್ಲಿ ಯಾರದೋ ಮದುವೆಗೆ ಹೋಗಿ, ಬಾಗಿಲ ಚೌಕಟ್ಟಿನ ಮೂಲೆ ಸರಿಯಾಗಿ ಕೂತಿಲ್ಲವೆಂದು ಊಟ ಬಿಟ್ಟು ಎದ್ದು ಬಂದವರು. ಈಗಲಾದರೂ ಬೈಯುತ್ತಾರೆ, ಈ ಅನಾಚಾರ ಕಂಡ ಮೇಲೂ ಸುಮ್ಮನಿರಲಾರರು ಎಂದು ನಾನು ಉಸಿರು ಬಿಗಿಹಿಡಿದು ಕಾದೆ. ಮಾವ ಹಲಗೆಯ ಅಂಚನ್ನು ನೋಡಿದರು. ನನ್ನನ್ನು ನೋಡಿದರು.

"ಹೂಂ," ಎಂದು ಕಿಟಕಿಯ ಕಡೆ ತಿರುಗಿದರು.

"ನೋಡಿದ್ರಾ! ಅಪ್ಪ ಮಾತಾಡಿದ್ರು!" ಎಂದಳು ನಾದಿನಿ.

"ಅದು ಮಾತಲ್ಲ," ಎಂದೆ ನಾನು. "ಅದು ಉಸಿರು."

ಅತ್ತೆ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಅಂದಿನಿಂದ ಮಾವನ ಶಬ್ದಕೋಶದಲ್ಲಿ ಮೂರೇ ಶಬ್ದ: ಹೂಂ, ಬೇಡ, ಆಯ್ತು. ಊಟಕ್ಕೆ ಕರೆದರೆ ಹೂಂ. ಇನ್ನಷ್ಟು ಬಡಿಸಲೇ ಎಂದರೆ ಬೇಡ. ಮಾತ್ರೆ ಕೊಟ್ಟರೆ ಆಯ್ತು. ಮೂರನ್ನೂ ಸೇರಿಸಿದರೂ ಒಂದು ವಾಕ್ಯವಾಗುವುದಿಲ್ಲ. ನಾನು ಎಲ್ಲ ರೀತಿಯಲ್ಲಿ ಸೇರಿಸಿ ನೋಡಿದ್ದೇನೆ. ತಮ್ಮ ಉಳಿ, ಗರಗಸ, ಕೊಡತಿಗಳನ್ನೆಲ್ಲ ಹಳೆಯ ಶಿಷ್ಯನೊಬ್ಬನಿಗೆ ಕೊಟ್ಟುಬಿಟ್ಟಿದ್ದರು.

ಅದಕ್ಕೆ ಮುಂಚೆ ನಮ್ಮ ಮನೆ ಹೀಗಿರಲಿಲ್ಲ. ನಾನೂ ಅತ್ತೆಯೂ ಇಪ್ಪತ್ತೇಳು ವರ್ಷ ಒಂದು ದಿನವೂ ರಜೆ ತೆಗೆದುಕೊಳ್ಳದೆ ಜಗಳವಾಡಿದ್ದೇವೆ. ಸಕ್ಕರೆ ಡಬ್ಬಿಯ ಮುಚ್ಚಳ ಯಾವ ಕಡೆಗೆ ತಿರುಗಿಸಿ ಮುಚ್ಚಬೇಕು, ಒಗೆದ ಅಂಗಿಯನ್ನು ಕುತ್ತಿಗೆಯಿಂದ ನೇತುಹಾಕಬೇಕೋ ಅಂಚಿನಿಂದಲೋ, ಉಪ್ಪು ಮೊದಲೋ ನೀರು ಮೊದಲೋ! ದಿನಾ ಸಂಜೆ ನಾಲ್ಕಕ್ಕೆ ಚಹಾದ ಜೊತೆ ಮಹಾಧಿವೇಶನ. ಮಾವ ಸಭಾಪತಿ. "ಇಬ್ರೂ ಸರಿ. ಚಾ ಆರುತ್ತೆ, ಕುಡೀರಿ," ಎಂದು ಅವರು ತೀರ್ಪು ಕೊಟ್ಟ ಮೇಲೆ ಅಧಿವೇಶನ ಮುಕ್ತಾಯ. ಈಗ ನಾಲ್ಕು ಗಂಟೆಗೆ ಮನೆಯಲ್ಲಿ ಕೇಳಿಸುವುದು ಫ್ರಿಜ್ಜಿನ ಗೊರಕೆ ಮಾತ್ರ. ನನಗೇನೂ ಆಗಿರಲಿಲ್ಲ, ಆ ಮಾತು ಬೇರೆ. ಹಾಲು ಒಲೆಯ ಮೇಲಿಟ್ಟು ಕಿಟಕಿ ನೋಡುತ್ತ ನಿಂತು ಎರಡು ಮೂರು ಸಲ ಉಕ್ಕಿಸಿದ್ದೆ, ಅಷ್ಟೆ. ನಾಲ್ಕಕ್ಕೆ ಎರಡು ಲೋಟ ಚಹಾ ಮಾಡಿ ಒಂದನ್ನು ಬಚ್ಚಲಿಗೆ ಚೆಲ್ಲುತ್ತಿದ್ದೆ. ಅದು ಕೈಯ ಅಭ್ಯಾಸ. ಸಕ್ಕರೆ ಡಬ್ಬಿಯ ಮುಚ್ಚಳವನ್ನು ಅತ್ತೆ ಹೇಳಿದ ಕಡೆಗೇ ತಿರುಗಿಸಿ ಮುಚ್ಚುತ್ತಿದ್ದೆ. ಅದಕ್ಕೂ ಏನೂ ಅರ್ಥವಿಲ್ಲ.

ಒಂದು ಶನಿವಾರ ಇವರು ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಬಂದರು.

"ಏನ್ರೀ ಇದು?"

"ರೌಟರು, ಮರ ಕೊರೆಯೋ ಮಷೀನು. ಮತ್ತೆ ಜಿಗ್ಗು. ಡವ್‌ಟೇಲ್ ಕೂಡಿಸೋದಕ್ಕೆ."

"ನಿಮಗ್ಯಾಕೆ? ಬಾಯಿ ಕೊರೆಯೋದು ಸಾಕಾಯ್ತಾ?"

"ನನಗಲ್ಲ. ಅಪ್ಪನಿಗೆ," ಎಂದರು. "ಅಂದ್ರೆ, ಅಪ್ಪನ ಕೈ ನಡುಗುತ್ತೆ, ಅವರು ಮಷೀನು ಮುಟ್ಟೋದು ಬೇಡ. ನೀನು ಮಾಡು. ಅಪ್ಪ ನೋಡ್ಲಿ. ನೋಡಿ ನೋಡಿ ತಡೆಯೋಕಾಗ್ದೆ ಒಂದು ದಿನ ಬಾಯಿ ಬಿಡ್ತಾರೆ. ಬಡಗಿ ಬಾಯಿ ಬಿಡಿಸ್ಬೇಕಾದ್ರೆ ಕೆಟ್ಟ ಕೆಲಸ ತೋರಿಸ್ಬೇಕು."

ಕೆಟ್ಟ ಕೆಲಸಕ್ಕೆ ನನ್ನನ್ನೇ ಆರಿಸಿದ್ದರಲ್ಲಿ ಒಂದು ಹೊಗಳಿಕೆ ಅಡಗಿದೆಯೇ ಎಂದು ಹುಡುಕಿದೆ, ಸಿಗಲಿಲ್ಲ. ಆದರೂ ಒಪ್ಪಿದೆ. ಮಾವನಿಂದ ಒಂದು ಪೂರ್ತಿ ವಾಕ್ಯ ಹೊರಡಿಸಬೇಕು: ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಇರುವ ವಾಕ್ಯ. ಅದು ಬೈಗುಳವಾದರೂ ಚಿಂತೆಯಿಲ್ಲ. ಹಾಗೆಂದು ನಾನು ಹಿತ್ತಲಿನ ಶೆಡ್ಡಿನಲ್ಲಿ ನಿಂತು ಪ್ರತಿಜ್ಞೆ ಮಾಡಿದೆ.

ಡವ್‌ಟೇಲ್ ಎಂದರೆ ಪಾರಿವಾಳದ ಬಾಲ. ಡ್ರಾಯರಿನ ಪಕ್ಕದ ಹಲಗೆಯ ತುದಿಯಲ್ಲಿ ಬೀಸಣಿಗೆಯಂತೆ ಅಗಲವಾಗುವ ಸಾಲು ಬಾಲಗಳು. ಮುಂದಿನ ಹಲಗೆಯಲ್ಲಿ ಅವಕ್ಕೆ ತಕ್ಕ ಕಿಂಡಿಗಳು. ಒಮ್ಮೆ ಸರಿಯಾಗಿ ಕೂತರೆ ಮೊಳೆಯ ಹಂಗಿಲ್ಲ, ಎಷ್ಟು ಎಳೆದರೂ ಬರುವುದಿಲ್ಲ. ಇದನ್ನು ಮಾವ ಒಂದು ಉಳಿ, ಒಂದು ಗರಗಸ ಇಟ್ಟುಕೊಂಡು ಬೀಡಿ ಸೇದುತ್ತ ಮಾಡುತ್ತಿದ್ದರಂತೆ. ನನಗೆ ಜಿಗ್ ಇತ್ತು: ಬಾಚಣಿಗೆಯಂಥ ಒಂದು ಲೋಹದ ಅಚ್ಚು. ಎರಡೂ ಹಲಗೆಗಳನ್ನು ಅದಕ್ಕೆ ಬಿಗಿದು, ಬಾಚಣಿಗೆಯ ಹಲ್ಲುಗಳ ಸಂದಿಯಲ್ಲಿ ರೌಟರನ್ನು ಓಡಿಸಿದರೆ ಬಾಲವೂ ಕಿಂಡಿಯೂ ಏಕಕಾಲಕ್ಕೆ ಸಿದ್ಧ. ಪೆಟ್ಟಿಗೆಯ ಮೇಲೆ ಒಬ್ಬ ಹೆಂಗಸು ನಗುನಗುತ್ತ ಹಾಗೆ ಮಾಡುವ ಚಿತ್ರವೂ ಇತ್ತು. ಅವಳ ಅಂಗಿಯ ಮೇಲೆ ಒಂದು ಕಣ ಹೊಟ್ಟು ಇರಲಿಲ್ಲ. ಅದನ್ನು ನೋಡಿಯೇ ನನಗೆ ಅನುಮಾನ ಬರಬೇಕಿತ್ತು.

ಮೊದಲ ಸಲ ಕೊರೆದ ಬಾಲಗಳು ಕಿಂಡಿಯಲ್ಲಿ ಲೊಡಲೊಡ ಎಂದವು. ನಾನು ತರ್ಕಶುದ್ಧವಾಗಿ ಯೋಚಿಸಿದೆ. ಸಡಿಲವೇಕೆ? ಹೆಚ್ಚು ಮರ ಕೊರೆದುಹೋದ್ದರಿಂದ. ಹಾಗಾದರೆ ಕಡಿಮೆ ಕೊರೆಯಬೇಕು. ಬಿಟ್ಟನ್ನು, ಅಂದರೆ ರೌಟರಿನ ಕೊರೆಯುವ ಮೂತಿಯನ್ನು, ಒಂದಿಷ್ಟು ಮೇಲೆತ್ತಿದೆ. ಇನ್ನೂ ಸಡಿಲವಾಯಿತು. ಇನ್ನಷ್ಟು ಎತ್ತಿದೆ. ಬಾಲಗಳು ಕಿಂಡಿಯಲ್ಲಿ ಸುಮ್ಮನೆ ವಾಸವಿದ್ದವು, ಬಾಡಿಗೆಗೆ ಬಂದವರಂತೆ. ಕೊನೆಗೆ ಅಂಟು ಸುರಿದು ಕೂಡಿಸಿದೆ. ಅದರ ಉತ್ತರಾರ್ಧವನ್ನು ನಾದಿನಿಯ ಕೈಯಲ್ಲಿ ನೀವು ಈಗಾಗಲೇ ನೋಡಿದ್ದೀರಿ.

ಮರುದಿನ ಸಂಜೆ ನಾಲ್ಕಕ್ಕೆ ಮಷೀನು ಮಾರಿದ ಅಂಗಡಿಗೆ ಫೋನು ಮಾಡಿದೆ. ಅಲ್ಲೊಬ್ಬ ಸಲಹೆಗಾರನಿದ್ದ. ಮುಖ ಕಂಡಿಲ್ಲ, ಹೆಸರು ಹೇಳಲಿಲ್ಲ. ನಾನು ಅವನಿಗೆ ಅಶರೀರವಾಣಿ ಎಂದು ಹೆಸರಿಟ್ಟೆ.

"ಸಡಿಲ ಇದ್ರೆ ಬಿಟ್ ಇಳಿಸಿ ಮೇಡಂ. ಬಿಗಿ ಆದ್ರೆ ಏರಿಸಿ."

"ನಿಮಗೆ ತಲೆ ಸರಿ ಇದೆಯೇನ್ರೀ? ಹೆಚ್ಚು ಕೊರೆದರೆ ಬಿಗಿ ಹೇಗಾಗುತ್ತೆ?"

"ಮೇಡಂ, ಆ ಬಿಟ್ಟು ಬುಡದಲ್ಲಿ ಅಗಲ, ಮೇಲೆ ಸಪೂರ. ಆಳಕ್ಕಿಳಿದಷ್ಟೂ ಕಿಂಡಿ ಅಗಲ ಅಷ್ಟೇ ಇರುತ್ತೆ, ಬಾಲ ಮಾತ್ರ ದಪ್ಪ ಉಳಿಯುತ್ತೆ. ಎಲ್ಲಾರೂ ಮೊದಲು ಇದೇ ತಪ್ಪು ಮಾಡ್ತಾರೆ."

"ನಾನು ಎಲ್ಲಾರೂ ಅಲ್ಲ."

"ಸರಿ ಮೇಡಂ. ನೀವೊಬ್ರೇ ಈ ತಪ್ಪು ಮಾಡಿದ್ದು. ಇಳಿಸಿ."

ಉದ್ಧಟ! ಆದರೆ ಮುಂದಿನ ಭಾನುವಾರ ಬೆಳಿಗ್ಗೆ, ಸಡಿಲ ತುದಿಗಳನ್ನು ಕತ್ತರಿಸಿ ಬಿಸಾಕಿ, ಬಿಟ್ಟನ್ನು ಕೂದಲೆಳೆಯಷ್ಟು ಇಳಿಸಿ ಹೊಸದಾಗಿ ಕೊರೆದೆ. ಬಾಲ ಕಿಂಡಿಗೆ ಅರ್ಧ ಹೋಯಿತು, ನಿಂತಿತು. ಹೊಸದಾಗಿ ಕೊಂಡ ಕೊಡತಿಯಿಂದ ಒಂದು ಏಟು ಕೊಟ್ಟೆ. ಟಕ್ ಎಂದು ಕೂತಿತು. ಆ ಶಬ್ದವನ್ನು ವರ್ಣಿಸಲು ನನ್ನ ಬಳಿ ಪದವಿಲ್ಲ. ಮಗುವಿಗೆ ಮೊದಲ ಹಲ್ಲು ಬಂದಾಗ ಚಮಚ ತಾಗಿ ಹೀಗೇ ಶಬ್ದವಾಗುತ್ತದೆ ಎಂದು ಇವರು ಹೇಳಿದರು. ಮಾವನನ್ನು ಶೆಡ್ಡಿಗೆ ಕರೆದು ತೋರಿಸಿದೆ. ಹಲಗೆ ಹಿಡಿದು ಅಲ್ಲಾಡಿಸಿ ನೋಡಿದರು.

"ಆಯ್ತು," ಎಂದರು.

ಅಷ್ಟರಲ್ಲಿ ಊಟದ ಹೊತ್ತು, ಮಾವನ ಮಾತ್ರೆಯ ಹೊತ್ತು. ಅಂಟು ಆಮೇಲೆ ಹಚ್ಚೋಣವೆಂದು ಎಲ್ಲ ಬಿಚ್ಚಿಟ್ಟು ಹೋದೆ. ಉಂಡೆ, ಬಡಿಸಿದೆ, ಪಾತ್ರೆ ತೊಳೆದೆ, ಒಂದು ಗಳಿಗೆ ಅಡ್ಡಾದೆ. ನಾಲ್ಕಕ್ಕೆ ಎದ್ದು ಹೋಗಿ ಬಾಲವನ್ನು ಕಿಂಡಿಗೆ ಇಟ್ಟರೆ ಲೊಡಲೊಡ.

ಅಲ್ಲಿಂದ ಶುರುವಾಯಿತು ನನ್ನ ಕೇಡುಗಾಲ. ಪ್ರತಿ ಭಾನುವಾರ ಬೆಳಿಗ್ಗೆ ಬಿಗಿ, ಸಂಜೆಗೆ ಸಡಿಲ. ಪ್ರತಿ ಸೋಮವಾರ ನಾಲ್ಕಕ್ಕೆ ಅಶರೀರವಾಣಿಗೆ ಫೋನು. ಮರ ಒಣಗಿ ಕುಗ್ಗಿದೆ ಎಂದ; ಹಲಗೆಗೆ ಹೊದಿಕೆ ಹೊದಿಸಿ ಮಲಗಿಸಿದೆ. ಬಿಟ್ ಹಿಡಿಯುವ ಕಚ್ಚು ಜಾರುತ್ತಿರಬಹುದು ಎಂದ. ಸ್ಪ್ಯಾನರು ಹಾಕಿ ತಿರುಗಿಸಿ ಮಣಿಕಟ್ಟು ಊದಿಸಿಕೊಂಡೆ. ಬಾಚಣಿಗೆ ಅಚ್ಚು ಕದಲುತ್ತಿದೆಯೇ ಎಂದ. ನಾನೇ ಕದಲದಂತೆ ಅದರ ಮೇಲೆ ಒರಗಿ ನಿಂತೆ. ಕೈ ವಾಲುತ್ತಿದೆಯೇ ಎಂದ.

"ಬೆಳಿಗ್ಗೆ ಹತ್ತಕ್ಕೆ ವಾಲದ ಕೈ ನಾನು ನಿದ್ದೆ ಮಾಡೋವಾಗ ವಾಲುತ್ತೇನಪ್ಪಾ?"

"ಮೇಡಂ, ಹದಿನಾಲ್ಕು ವರ್ಷದಲ್ಲಿ ಮಧ್ಯಾಹ್ನ ಸಡಿಲ ಆಗೋ ಡವ್‌ಟೇಲ್ ನಾನು ಕೇಳಿಲ್ಲ."

"ಈಗ ಕೇಳಿದ್ರಲ್ಲ. ಪರಿಹಾರ ಹೇಳಿ."

"ನಿದ್ದೆ ಮಾಡ್ಬೇಡಿ."

ಫೋನು ಕುಕ್ಕಿದೆ. (ಮರುದಿನ ಮತ್ತೆ ಮಾಡಿದೆ. ಒಂದೇ ದಿನದಲ್ಲಿ ಬಿಟ್ಟುಕೊಡಲು ಅವನೇನು ದೊಡ್ಡ ಮನುಷ್ಯನೇ?) ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಾದಿನಿ ಆಡಿಕೊಂಡಳಂತೆ. ನನ್ನ ನೆಲ ಬೆಳಿಗ್ಗೆ ಸಮವಾಗಿದ್ದು ಸಂಜೆಗೆ ಡೊಂಕಾಗುತ್ತಿತ್ತು. ಇದನ್ನು ಯಾರಿಗೆ ಹೇಳುವುದು?

ಇನ್ನೊಂದು ಸಂಕಟವಿತ್ತು. ಸಡಿಲವಾದ ತುದಿಯನ್ನು ಕತ್ತರಿಸದೆ ಮತ್ತೆ ಕೊರೆಯಲಾಗದು. ಪ್ರತಿ ವಾರ ಪ್ರತಿ ಹಲಗೆಯೂ ಎರಡೆರಡು ಬೆರಳು ಮೋಟಾಗುತ್ತಿತ್ತು. ಅಂಗಿ, ಪಂಚೆ, ಹೊದಿಕೆ ಎಲ್ಲ ಇಡುವಷ್ಟು ದೊಡ್ಡದಾಗಿ ಹುಟ್ಟಿದ ಡ್ರಾಯರು ಮೂರನೆಯ ವಾರಕ್ಕೆ ಅಂಗಿ ಮಾತ್ರ ಹಿಡಿಯುವಂತಾಯಿತು. ನಾಲ್ಕನೆಯ ವಾರಕ್ಕೆ ಬನಿಯನು. ಹುಣ್ಣಿಮೆ ಕಳೆದ ಚಂದ್ರನಾದರೂ ಮತ್ತೆ ಬೆಳೆಯುತ್ತಾನೆ.

ಒಂದು ರಾತ್ರಿ ಊಟದ ಹೊತ್ತಿಗೆ, ಮಾವ ಎದ್ದು ಹೋದ ಮೇಲೆ, ನಾನು ಕೇಳಿದೆ. "ರೀ, ಮಾವ ಹೀಗೇ ಇದ್ದುಬಿಡ್ತಾರಾ?"

ಇವರು ನೀರಿನ ಲೋಟ ಕೆಳಗಿಟ್ಟರು. "ಬಾಯಲ್ಲಿ ಒಂದು ಹಲ್ಲು ಹೋದ್ರೆ ಜಾಸ್ತಿ ಕೆಡೋದು ಅದರ ಎದುರಿನ ಹಲ್ಲು ಕಣೇ. ಇಷ್ಟು ವರ್ಷ ಕಚ್ಚೋಕೆ ಏನೋ ಇತ್ತು, ಈಗ ಇಲ್ಲ. ಹಾಗೇ ಜಾಗ ಬಿಟ್ಟು ಇಳಿಯೋಕೆ ಶುರು ಮಾಡುತ್ತೆ, ಸಡಿಲ ಆಗುತ್ತೆ. ಬೇರೆ ಏನಾದ್ರೂ ಕಚ್ಚೋಕೆ ಕೊಡ್ಬೇಕು."

"ಪಾಪ ಮಾವ," ಎಂದೆ.

ಇವರು ನನ್ನನ್ನು ಎಕ್ಸ್‌ರೇ ನೋಡುವ ಹಾಗೆ ಸ್ವಲ್ಪ ಹೊತ್ತು ನೋಡಿದರು. "ಹ್ಞೂಂ. ಪಾಪ ಅಪ್ಪ," ಎಂದು ಕೈ ತೊಳೆಯಲು ಎದ್ದರು.

ನಾಲ್ಕನೆಯ ಭಾನುವಾರದ ಮರುದಿನ ಬಟ್ಟೆ ಒಗೆಯುತ್ತಿದ್ದೆ. ಒಗೆಯುವ ಮುನ್ನ ಜೇಬು ತಡಕುವುದು ನನ್ನ ಪದ್ಧತಿ. (ಇದರಿಂದ ಇಪ್ಪತ್ತೇಳು ವರ್ಷಗಳಲ್ಲಿ ಎರಡು ಪೆನ್ನು, ಒಂದು ರೈಲು ಟಿಕೇಟು ಮತ್ತು ಯಾರದೋ ಒಂದು ದವಡೆ ಹಲ್ಲು ಸಿಕ್ಕಿವೆ.) ಮಾವನ ಅಂಗಿಯ ಜೇಬಿನಲ್ಲಿ ಏನೋ ಮೆತ್ತಗೆ ತಾಕಿತು. ತೆಗೆದು ನೋಡಿದರೆ ಮರದ ಸುರುಳಿ. ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು, ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣಿಸುವಂಥದ್ದು. ಜೇಬಿನ ತುಂಬ.

ನಾನು ಬಚ್ಚಲ ಕಲ್ಲಿನ ಮೇಲೆ ಕುಳಿತುಬಿಟ್ಟೆ. ರೌಟರಿನಿಂದ ಹೊರಡುವುದು ಹುಡಿ, ಪುಡಿ, ಹೊಟ್ಟು. ಮೂಗಿನಲ್ಲಿ, ಕಿವಿಯಲ್ಲಿ, ಹಾಸಿಗೆಯಲ್ಲಿ ಎಲ್ಲ ಕಡೆ ಅದನ್ನು ಬಲ್ಲೆ. ರೌಟರು ಹೆತ್ತ ಮಕ್ಕಳಲ್ಲಿ ಒಂದಕ್ಕೂ ಗುಂಗುರಿಲ್ಲ. ಸುರುಳಿ ಬರುವುದು ಉಳಿಯಿಂದ ಮಾತ್ರ.

ಐದನೆಯ ಭಾನುವಾರ ಎಂದಿನಂತೆ ಬಿಗಿಯಾಗಿ ಕೊರೆದೆ, ಬಿಚ್ಚಿಟ್ಟೆ, ಬಡಿಸಿದೆ, ದೊಡ್ಡದಾಗಿ ಆಕಳಿಸಿ ಕೋಣೆಗೆ ಹೋದೆ. ಎರಡೂವರೆಗೆ ಹಿಂಬಾಗಿಲ ಚಿಲಕ ಸರಿದ ಸದ್ದಾಯಿತು. ಚಪ್ಪಲಿ ಬಿಟ್ಟು, ತುದಿಗಾಲಲ್ಲಿ ಹೋಗಿ ಶೆಡ್ಡಿನ ಕೊಳಕು ಗಾಜಿಗೆ ಮೂಗು ಒತ್ತಿದೆ.

ಮಾವ ಮೊಗಚಿದ ಡಬ್ಬದ ಮೇಲೆ ಕುಳಿತಿದ್ದರು. ಮಂಡಿಗಳ ನಡುವೆ ನನ್ನ ಹಲಗೆ. ಕೈಯಲ್ಲಿ ಒಂದು ಉಳಿ. ಎಲ್ಲಾ ಕೊಟ್ಟುಬಿಟ್ಟರೆಂದುಕೊಂಡರೆ ಒಂದನ್ನು ಎಲ್ಲೋ ಬಚ್ಚಿಟ್ಟುಕೊಂಡಿದ್ದರು. ಚಹಾದ ಲೋಟ ಹಿಡಿದರೆ ತಟ್ಟೆಯ ಮೇಲೆ ಮಳೆ ಸುರಿಸುವ ಆ ಕೈ ಈಗ ಒಂದಿಷ್ಟೂ ಅಲುಗುತ್ತಿರಲಿಲ್ಲ. ಬಾಲದ ಕೆನ್ನೆಗೆ ಉಳಿಯನ್ನು ತಾಗಿಸಿ ಹೆಬ್ಬೆರಳಿನಿಂದ ನೂಕಿದರು, ಸುರುಳಿ ಎದ್ದಿತು. ಕಿಂಡಿಗೆ ಕೂರಿಸಿ, ಗಡಿಯಾರ ಕೇಳುವ ಹಾಗೆ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು. ಸಾಲದು. ಇನ್ನೊಂದು ಸುರುಳಿ. ಲೊಡಲೊಡ ಎಂದಾಗ ತಲೆಯಾಡಿಸಿ, ಸುರುಳಿಗಳನ್ನೆಲ್ಲ ಹೆಕ್ಕಿ ಜೇಬಿಗೆ ಹಾಕಿಕೊಂಡು, ಹಲಗೆಗಳನ್ನು ನಾನಿಟ್ಟ ಕ್ರಮದಲ್ಲೇ ಜೋಡಿಸಿದರು. ಮೇಲೆ ನಾನಿಟ್ಟಿದ್ದ ಪೆನ್ಸಿಲನ್ನು ಸಹ ಅದೇ ಕೋನದಲ್ಲಿ ಇಟ್ಟರು.

ಮೊದಲು ನನಗೆ ಬಂದದ್ದು ಕೋಪ. ನಾಲ್ಕು ವಾರ ಮರಕ್ಕೆ ಹೊದಿಕೆ ಹೊದಿಸಿದ್ದೇನೆ! ಬಾಗಿಲು ತಳ್ಳಲು ಕೈ ಎತ್ತಿದೆ. ಆಮೇಲೆ ಆ ಮುಖ ಕಂಡಿತು. ಹತ್ತು ತಿಂಗಳಿಂದ ಕಿಟಕಿ ನೋಡುತ್ತಿದ್ದ ಮುಖವಲ್ಲ ಅದು. ಕೆಲಸದಲ್ಲಿರುವ ಮನುಷ್ಯನ ಮುಖ. ಎತ್ತಿದ ಕೈಯಲ್ಲಿ ಮೂಗು ಒರೆಸಿಕೊಂಡು ವಾಪಸು ಬಂದು ಮಲಗಿದೆ. ನಿದ್ದೆ ಬರಲಿಲ್ಲ.

ರಾತ್ರಿ ಇವರಿಗೆ ಎಲ್ಲ ಹೇಳಿದೆ. ಆಶ್ಚರ್ಯಪಡುತ್ತಾರೆಂದು ನಿರೀಕ್ಷಿಸಿದ್ದೆ. ಪಡಲಿಲ್ಲ.

"ಒಳ್ಳೇದೇ ಆಯ್ತಲ್ಲ," ಎಂದರು.

"ಏನು ಒಳ್ಳೇದು? ನನ್ನ ಡ್ರಾಯರು ಸೋಪಿನ ಡಬ್ಬಿ ಆಗ್ತಾ ಇದೆ!"

"ಆಗ್ಲಿ ಬಿಡು. ಡ್ರಾಯರು ಯಾರಿಗೆ ಬೇಕಿತ್ತು? ಅಪ್ಪನ ಕೈಗೆ ಕೆಲಸ ಸಿಕ್ತಲ್ಲ. ನೀನು ಗೊತ್ತಿಲ್ಲದ ಹಾಗೆ ಇರು. ಇನ್ನೂ ಸ್ವಲ್ಪ ಬಿಗಿಯಾಗೇ ಕೊರೆ, ಅವರಿಗೆ ಕೆತ್ತೋಕೆ ಜಾಸ್ತಿ ಸಿಗ್ಲಿ."

"ಮಣಿಕಟ್ಟು ನೋಯುತ್ತೆ ರೀ. ಮಷೀನಿನ ಸದ್ದಿಗೆ ಕಿವಿ ಗುಂಯ್ ಅನ್ನುತ್ತೆ. ನನಗೆ ಇದು ಸಾಕಾಗಿದೆ."

"ಔಷಧ ಅಂದ್ಮೇಲೆ ಕಹಿ ಇರುತ್ತೆ," ಎಂದು ದೀಪ ಆರಿಸಿದರು.

ಆ ಮಾತನ್ನು ಮಾವನ ಪರವಾಗಿ ನುಂಗಿದೆ. ಅಂದಿನಿಂದ ನಾನು ತ್ಯಾಗಮಯಿ. ಮೂರು ಭಾನುವಾರ, ಬಿಟ್ಟನ್ನು ಬೇಕಾದ್ದಕ್ಕಿಂತ ಇಳಿಸಿ, ದಢೂತಿ ಬಾಲಗಳನ್ನು ಕೊರೆದಿಟ್ಟು, ಆಕಳಿಸಿ, ಮಲಗಿದಂತೆ ನಟಿಸಿದೆ. ನಾಲ್ಕಕ್ಕೆ ಶೆಡ್ಡಿಗೆ ಹೋಗಿ, ಮನೆಗೆಲ್ಲ ಕೇಳುವ ಹಾಗೆ "ಅಯ್ಯೋ, ಮತ್ತೆ ಸಡಿಲ!" ಎಂದು ಹಣೆ ಚಚ್ಚಿಕೊಂಡೆ. (ಶಾಲೆಯ ನಾಟಕದಲ್ಲಿ ನನಗೆ ಸದಾ ಮರದ ಪಾತ್ರ ಕೊಡುತ್ತಿದ್ದ ಸಿಸ್ಟರು ಅದನ್ನು ನೋಡಬೇಕಿತ್ತು.) ಅಶರೀರವಾಣಿಗೆ ಸತ್ಯ ಹೇಳಲಾಗದೆ ಹೊಸ ಹೊಸ ರೋಗಲಕ್ಷಣ ಹುಟ್ಟಿಸಿ ವಾದ ಮುಂದುವರಿಸಿದೆ. ಮಾವ ರಾತ್ರಿ ಎರಡನೆಯ ಸಲ ಬಡಿಸಿಕೊಳ್ಳತೊಡಗಿದರು. ಮಾತು ಮಾತ್ರ ಮೂರು ಶಬ್ದ ದಾಟಲಿಲ್ಲ.

ಒಂಬತ್ತನೆಯ ಭಾನುವಾರ ಇವರು ಯಾವುದೋ ಶಾಲೆಗೆ ಮಕ್ಕಳ ಹಲ್ಲು ಪರೀಕ್ಷಿಸಲು ಹೋಗಿದ್ದರು. ಬೆಳಿಗ್ಗೆ ಕೊರೆಯಲು ಹೋದರೆ ಹಲಗೆಗಳು ಅಂಗೈ ಉದ್ದಕ್ಕೆ ಬಂದಿದ್ದವು; ಇನ್ನು ಕತ್ತರಿಸಿದರೆ ಜಿಗ್ಗಿಗೆ ಬಿಗಿಯಲು ಮರವೇ ಇಲ್ಲ. ಆ ಡ್ರಾಯರಿನಲ್ಲಿ ಈಗ ಒಂದು ಕನ್ನಡಕ ಇಡಬಹುದಿತ್ತು, ಕಾಲು ಮಡಿಸಿದರೆ. ಕೊನೆಯ ಸಲ ಕೊರೆದೆ. ಮಧ್ಯಾಹ್ನ ಮಲಗಿ ಸೂರು ನೋಡುತ್ತ ಯೋಚಿಸಿದೆ: ಮರ ಮುಗಿಯಿತು. ಹೊಸ ಹಲಗೆ ತಂದರೆ ಇನ್ನೊಂದು ಒಂಬತ್ತು ವಾರ. ನನ್ನ ಮಣಿಕಟ್ಟು ಅಷ್ಟು ದಿನ ಬಾಳುವುದಿಲ್ಲ. ತರದಿದ್ದರೆ ಮಾವ ಮತ್ತೆ ಕಿಟಕಿಗೆ. ಅದಕ್ಕಿಂತ ಇವತ್ತು ಹೋಗಿ ಮುಖಾಮುಖಿ ಮಾತಾಡಿಬಿಡೋಣ. ನಿಮಗೆ ಹೀಗೆ ಬಚ್ಚಿಟ್ಟುಕೊಂಡು ಮಾಡುವ ಅಗತ್ಯವಿಲ್ಲ ಮಾವ, ಶೆಡ್ಡು ನಿಮ್ಮದು, ಮರ ನಿಮ್ಮದು ಎಂದು ಹೇಳಿಬಿಡೋಣ. ಹೇಳಬೇಕಾದ್ದನ್ನು ಎರಡು ಸಲ ಮನಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು, ಮೂರು ಗಂಟೆಗೆ ಹೋಗಿ ಬಾಗಿಲು ತಳ್ಳಿದೆ.

ಮಾವ ತಲೆ ಎತ್ತಿದರು. ಉಳಿಯನ್ನು ಬೆನ್ನ ಹಿಂದೆ ಬಚ್ಚಿಡಲು ಹೋದರು. ಸುರುಳಿ ಮೀಸೆಯ ಮೇಲೆ ಅಂಟಿಕೊಂಡಿತ್ತು.

"ಇರ್ಲಿ ಮಾವ, ನನಗೆ ಗೊತ್ತು," ಎಂದೆ. "ನಾಲ್ಕು ವಾರದಿಂದ ಗೊತ್ತು."

"ಹೂಂ," ಎಂದರು.

ನಾನು ಅವರ ಕಾಲ ಬಳಿ ಹೊಟ್ಟಿನ ಮೇಲೇ ಕುಳಿತೆ. ಅಭ್ಯಾಸ ಮಾಡಿದ್ದೆಲ್ಲ ಮರೆತು, ಬೇರೆ ಏನೇನೋ ಬಂತು. "ನನಗೆ ಅರ್ಥ ಆಗುತ್ತೆ ಮಾವ. ಅತ್ತೆ ಹೋದ್ಮೇಲೆ ಈ ಮನೇಲಿ ಕೂತರೆ ಕೂತ ಹಾಗೇ, ನಿಂತರೆ ನಿಂತ ಹಾಗೇ. ನಾಲ್ಕು ಗಂಟೆ ಆದ್ರೆ ಎದೆ ಖಾಲಿ ಖಾಲಿ ಅನ್ಸುತ್ತೆ. ಕೈಗೊಂದು ಕೆಲಸ ಇದ್ರೆ, ಬೇಗ ಮುಗಿಯದೇ ಇರೋ ಕೆಲಸ ಇದ್ರೆ, ಮನಸ್ಸಿಗೆ ಸಮಾಧಾನ. ಅದಕ್ಕೇ ತಾನೇ ನೀವು ಇದನ್ನ ಕೆತ್ತಿ ಕೆತ್ತಿ ಸಡಿಲ ಮಾಡ್ತಿರೋದು?"

ಮಾವ ಮೀಸೆಯ ಮೇಲಿನ ಸುರುಳಿ ತೆಗೆದು ಜೇಬಿಗೆ ಹಾ‌ಕಿಕೊಂಡರು. ಬಾಯಿ ತೆರೆದರು. ಒಂಬತ್ತು ತಿಂಗಳ ಮೇಲೆ ಎರಡು ತಿಂಗಳು ಕಾದಿದ್ದ ಪೂರ್ತಿ ವಾಕ್ಯ, ಕರ್ತೃ ಕರ್ಮ ಕ್ರಿಯಾಪದಗಳೊಂದಿಗೆ, ಒಂದಲ್ಲ, ಒಂದರ ಹಿಂದೆ ಒಂದಾಗಿ ಹೊರಟಿತು.

"ಹೂಂನಮ್ಮ, ಅದಕ್ಕೇ. ನಿನ್ನ ಗಂಡ ಬಂದು ಹೇಳ್ದ: ಅಮ್ಮ ಹೋದ್ಮೇಲೆ ಇವಳಿಗೆ ಜಗಳಕ್ಕೆ ಜನ ಇಲ್ಲ, ಎರಡು ಲೋಟ ಚಾ ಮಾಡಿ ಒಂದು ಚೆಲ್ತಾಳೆ, ನನಗೆ ಭಯ ಆಗುತ್ತೆ, ಮಷೀನು ತಂದ್ಕೊಟ್ಟಿದೀನಿ, ಆ ಕೆಲಸ ಬೇಗ ಮುಗಿಯದ ಹಾಗೆ ಹೇಗಾದ್ರೂ ನೋಡ್ಕೋ ಅಪ್ಪಾ ಅಂತ. ಒಂಬತ್ತು ಭಾನುವಾರ ಆಯ್ತು ನಾನು ಮಧ್ಯಾಹ್ನ ಮಲಗಿ. ಇನ್ನೂ ಎಷ್ಟು ವಾರ ಬೇಕಮ್ಮ ನಿನಗೆ, ವಾಸಿ ಆಗೋಕೆ?"